ಶ್ರದ್ಧೆಯೆಂಬ ಮಾತಿನ ವಿಚಾರ

ತರಗತಿಯಲ್ಲಿ ನಾವು ದಿನಕ್ಕೆ ಹತ್ತು ಸಲವಾದರೂ ಆಡುವ ಮಾತುಗಳಲ್ಲಿ ‘ಶ್ರದ್ಧೆ’ ಎಂಬುದೂ ಒಂದು. ‘ಶ್ರದ್ಧೆಯಿಂದ ಓದಿರಿ’, ‘ಅಕ್ಷರಗಳನ್ನು ಶ್ರದ್ಧೆಯಿಂದ ತಿದ್ದಿರಿ’ ಎಂದು ಹೇಳುವಾಗ ಆ ಮಾತಿಗೆ ಗಮನ, ಎಚ್ಚರ, ಮನವಿಟ್ಟು ಮಾಡುವಿಕೆ ಎಂಬ ಅರ್ಥವಿರುತ್ತದೆ. ಅದೇ ಮಾತು ‘ಶ್ರದ್ಧಾಭಕ್ತಿ’ ಎಂಬಲ್ಲಿ ಬಂದಾಗ ನಂಬುಗೆಯೆಂಬ ಅರ್ಥವನ್ನು ತಾಳುತ್ತದೆ. ಸಂಸ್ಕೃತದಲ್ಲಿ ಈ ಎರಡನೆಯ ಅರ್ಥವೇ ಪ್ರಧಾನವಾದುದು. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯಕ್ಕೆ ಶ್ರದ್ಧಾತ್ರಯವಿಭಾಗಯೋಗವೆಂದೇ ಹೆಸರಿದೆ. ಕನ್ನಡಿಗರು ಆ ಮಾತನ್ನು ಪೂಜೆಯ ಕೋಣೆಯಿಂದ ಎತ್ತಿ ಹೊಲ, ಅಡುಗೆಮನೆ, ಪಾಠಶಾಲೆಗಳಿಗೂ ತಂದರು. ಕಳೆ ಕೀಳುವವಳು ಶ್ರದ್ಧೆಯಿಂದ ಕೀಳಬಲ್ಲಳು. ಲೆಕ್ಕ ಬರೆಯುವವನು ಶ್ರದ್ಧೆಯಿಂದ ಬರೆಯಬಲ್ಲನು. ನಂಬುವುದು ಮತ್ತು ಗಮನವಿಡುವುದು ಎಂಬ ಎರಡು ಕ್ರಿಯೆಗಳು ನಮ್ಮ ನುಡಿಯಲ್ಲಿ ಒಂದೇ ಹೆಸರಿನ ಕೆಳಗೆ ಬಾಳುತ್ತಿರುವುದು ವಿಚಾರಾರ್ಹವಾದ ಸಂಗತಿ. ಅದರ ಜೊತೆಯಲ್ಲಿ ನಂಬಿಕೆ, ವಿಶ್ವಾಸ, ಛಲ ಎಂಬ ನೆರೆಯ ಮಾತುಗಳನ್ನೂ ಇಲ್ಲಿ ಸ್ವಲ್ಪಮಟ್ಟಿಗೆ ಪರಿಶೀಲಿಸಬೇಕೆಂದಿದ್ದೇವೆ.

ಈ ವಿಚಾರವು ಕೇವಲ ನಿಘಂಟಿನದಲ್ಲ. ನಮ್ಮ ಶಾಲೆಯಲ್ಲಿ ಓದುವ ಮಕ್ಕಳಲ್ಲಿ ಎಷ್ಟೋ ಮಂದಿಯ ತಂದೆತಾಯಿಗಳು ರಾಯಚೂರು, ಯಾದಗಿರಿ, ಕಲಬುರಗಿಗಳ ಕಡೆಯಿಂದ ಹೊಟ್ಟೆಪಾಡಿಗಾಗಿ ಹೈದರಾಬಾದಿಗೆ ಬಂದವರು. ಬರೆಯುತ್ತಿರುವ ನಾವೂ ಹಾಗೆ ಬಂದವರೇ. ಕಟ್ಟಡದ ಸಾರವೆಯ ಮೇಲೆ ನಿಂತು ಗಾರೆ ಮೆತ್ತುವವರು, ಆಟೋ ಓಡಿಸುವವರು, ಗೋದಾಮುಗಳಲ್ಲಿ ಮೂಟೆ ಹೊರುವವರು ಅವರಲ್ಲಿ ಇದ್ದಾರೆ. ಬೆಳಗ್ಗೆ ದುಡಿಯಲು ಹೋದ ದೇಹವು ಸಂಜೆ ಅದೇ ದೇಹವಾಗಿ ಮನೆಗೆ ಮರಳದ ದಿನಗಳು ಇಂತಹ ಮನೆಗಳಲ್ಲಿ ಬರುವುದುಂಟು. ಆಗ ನೆಂಟರು, ನೆರೆಹೊರೆಯವರು ಬಂದು ಹಾಸಿಗೆಯ ಬಳಿ ಕುಳಿತು, “ದೇವರಿದ್ದಾನೆ, ಹೆದರಬೇಡ, ಆರು ತಿಂಗಳಲ್ಲಿ ಮೊದಲಿನಂತೆಯೇ ಆಗುತ್ತೀ” ಎನ್ನುತ್ತಾರೆ. ಹೇಳುವವರ ಅಂತಃಕರಣದಲ್ಲಿ ಕಪಟವಿಲ್ಲ. ಆದರೆ ಆರು ತಿಂಗಳು ಕಳೆದು ಮೊದಲಿನಂತೆ ಆಗದಿದ್ದಾಗ, ಆ ಮನುಷ್ಯನು ಕಾಲನ್ನಷ್ಟೇ ಅಲ್ಲದೆ ದೇವರನ್ನೂ ಕಳೆದುಕೊಳ್ಳುತ್ತಾನೆ. ಮಗನು ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತು ಕಿಟಕಿಯಾಚೆ ನೋಡಲಾರಂಭಿಸುತ್ತಾನೆ. ಅಂತಹ ಮಗುವಿಗೆ ‘ಶ್ರದ್ಧೆಯಿಂದ ಓದು’ ಎಂದು ಹೇಳುವ ಮೊದಲು ಶ್ರದ್ಧೆಯೆಂದರೇನೆಂದು ನಾವು ತಿಳಿದುಕೊಂಡಿರಬೇಕಲ್ಲವೆ?

ಇದಕ್ಕೆ ದೃಷ್ಟಾಂತವನ್ನು ದೂರ ಹುಡುಕಬೇಕಾಗಿಲ್ಲ. ಬಷೀರ್‌ಬಾಗಿನ ಬಳಿಯ ಲಾಲ್ ಬಹದ್ದೂರ್ ಶಾಸ್ತ್ರಿ ಕ್ರೀಡಾಂಗಣವನ್ನು ನೀವೆಲ್ಲರೂ ಬಸ್ಸಿನ ಕಿಟಕಿಯಿಂದ ನೋಡಿದ್ದೀರಿ. 1967ಕ್ಕೆ ಮುಂಚೆ ಅದಕ್ಕೆ ಫತೇ ಮೈದಾನವೆಂದು ಹೆಸರಿತ್ತು. ಹಿರಿಯರು ಈಗಲೂ ಹಾಗೆಯೇ ಕರೆಯುತ್ತಾರೆ. 1687ರಲ್ಲಿ ಗೋಲ್ಕೊಂಡದ ಕೋಟೆಯನ್ನು ಮುತ್ತಿದ್ದ ಮೊಗಲ ಸೈನ್ಯವು ಅಲ್ಲಿ ಬೀಡುಬಿಟ್ಟಿದ್ದು, ಜಯ ದೊರೆತ ಮೇಲೆ ಆ ಬಯಲಿಗೆ ಈ ಹೆಸರು ಬಂದಿತೆಂದು ಹೇಳುತ್ತಾರೆ. ‘ಫತೇ’ ಎಂದರೆ ಗೆಲುವು. ಉಪ್ಪಲಿನಲ್ಲಿ ಹೊಸ ಕ್ರೀಡಾಂಗಣವಾಗುವವರೆಗೆ ನಮ್ಮ ನಗರದ ದೊಡ್ಡ ಕ್ರಿಕೆಟ್ ಪಂದ್ಯಗಳಿಗೆಲ್ಲ ಅದೇ ನೆಲೆಯಾಗಿತ್ತು.

1961ರ ಚಳಿಗಾಲದ ಮೊದಲಲ್ಲಿ ಟೆಡ್ ಡೆಕ್ಸ್‌ಟರನ ನಾಯಕತ್ವದಲ್ಲಿ ಭಾರತಕ್ಕೆ ಬಂದಿದ್ದ ಇಂಗ್ಲೆಂಡಿನ ತಂಡವು ಹೈದರಾಬಾದಿನಲ್ಲಿ ಕ್ರಿಕೆಟ್ ಮಂಡಲಿಯ ಅಧ್ಯಕ್ಷರ ತಂಡದೊಡನೆ ಒಂದು ಪಂದ್ಯವನ್ನು ಆಡಿತು. ಅಧ್ಯಕ್ಷರ ತಂಡದ ನಾಯಕನು ಇಪ್ಪತ್ತು ವರ್ಷದ ತರುಣ ಮನ್ಸೂರ್ ಅಲಿ ಖಾನ್ ಪಟೌಡಿ. ಆ ದಿನ ದಾಂಡು ಹಿಡಿದು ನಿಂತ ಅವರಿಗೆ ಬೌಲರನ ಕೈಯಿಂದ ಎರಡು ಚೆಂಡುಗಳು ಬರುತ್ತಿರುವಂತೆ ಕಾಣಿಸುತ್ತಿತ್ತು! ಒಂದಕ್ಕೂ ಇನ್ನೊಂದಕ್ಕೂ ಸುಮಾರು ಒಂದು ಗೇಣಿನಷ್ಟು ಅಂತರ. ಎರಡರಲ್ಲಿ ಒಳಗಿನದನ್ನು ನಿಜವೆಂದೆಣಿಸಿ ಹೊಡೆಯುತ್ತ ಅವರು ಚಹದ ವಿರಾಮದ ವೇಳೆಗೆ 35 ರನ್ನು ಗಳಿಸಿದರು.

ಇದು ಹೇಗಾಯಿತೆಂಬುದನ್ನು ವಿವರಿಸುವುದು ಅಗತ್ಯ. ಪಟೌಡಿಯವರು 1941ರ ಜನವರಿ 5ರಂದು ಭೋಪಾಲದಲ್ಲಿ ಜನಿಸಿದರು. ಅವರ ತಂದೆ ಇಫ್ತಿಕಾರ್ ಅಲಿ ಖಾನರು ಮೊದಲು ಇಂಗ್ಲೆಂಡಿಗಾಗಿ ಆಡಿ, 1946ರಲ್ಲಿ ಭಾರತ ತಂಡದ ನಾಯಕರಾಗಿದ್ದವರು. ಮಗನ ಹನ್ನೊಂದನೆಯ ಹುಟ್ಟುಹಬ್ಬದ ದಿನವೇ ದೆಹಲಿಯ ಪೋಲೋ ಮೈದಾನದಲ್ಲಿ ತೀರಿಕೊಂಡರು. ಹುಡುಗನು ಇಂಗ್ಲೆಂಡಿನ ವಿಂಚೆಸ್ಟರ್ ಶಾಲೆಯಲ್ಲಿ ಓದುತ್ತಿದ್ದಾಗ 1959ರ ಒಂದೇ ಋತುವಿನಲ್ಲಿ 1068 ರನ್ನು ಹೊಡೆದು, ಆ ಶಾಲೆಯಲ್ಲಿ ಡಗ್ಲಸ್ ಜಾರ್ಡಿನನು ನಾಲ್ವತ್ತು ವರ್ಷಗಳ ಹಿಂದೆ ಸ್ಥಾಪಿಸಿದ್ದ ದಾಖಲೆಯನ್ನು ಮುರಿದನು. 1961ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನಾಯಕನಾದನು. ಅದೇ ವರ್ಷದ ಜುಲೈ 1ರಂದು ಹೋವ್ ಎಂಬಲ್ಲಿ ದಿನದ ಆಟ ಮುಗಿದ ಬಳಿಕ ಸಹ ಆಟಗಾರನೊಬ್ಬನ ಕಾರಿನಲ್ಲಿ ಹೋಗುತ್ತಿರಲು ಇನ್ನೊಂದು ಕಾರು ಬಂದು ಡಿಕ್ಕಿ ಹೊಡೆಯಿತು. ಒಡೆದ ಗಾಜಿನ ಚೂರೊಂದು ಬಲಗಣ್ಣನ್ನು ಹೊಕ್ಕಿತು. ಶಸ್ತ್ರಚಿಕಿತ್ಸೆಯಿಂದ ಕಣ್ಣುಗುಡ್ಡೆ ಉಳಿಯಿತಾದರೂ ಒಳಗಿನ ಸಹಜ ಮಸೂರವು ಉಳಿಯಲಿಲ್ಲ.

ಮನುಷ್ಯನ ಎರಡು ಕಣ್ಣುಗಳ ನಡುವೆ ಸುಮಾರು ಆರು ಸೆಂಟಿಮೀಟರುಗಳ ಅಂತರವಿದೆ. ಆದಕಾರಣ ಎದುರಿನ ವಸ್ತುವನ್ನು ಪ್ರತಿಯೊಂದು ಕಣ್ಣೂ ಸ್ವಲ್ಪ ಬೇರೆ ಕೋನದಿಂದ ಕಾಣುತ್ತದೆ. ಮಿದುಳು ಆ ಎರಡು ಬಿಂಬಗಳನ್ನು ಒಂದಾಗಿ ಬೆಸೆದು, ಅವುಗಳ ಸಣ್ಣ ವ್ಯತ್ಯಾಸದಿಂದಲೇ ವಸ್ತು ಎಷ್ಟು ದೂರದಲ್ಲಿದೆಯೆಂಬುದನ್ನು ಅಳೆಯುತ್ತದೆ. ಇದನ್ನು ಪರೀಕ್ಷಿಸಬೇಕೆನ್ನುವವರು ಒಂದು ಕಣ್ಣನ್ನು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಲು ಯತ್ನಿಸಲಿ. ಅಥವಾ ಎರಡು ಕೈಗಳಲ್ಲಿ ಎರಡು ಪೆನ್ಸಿಲುಗಳನ್ನು ಅಡ್ಡವಾಗಿ ಹಿಡಿದು ಅವುಗಳ ಮೊನೆಗಳನ್ನು ಒಂದಕ್ಕೊಂದು ತಾಗಿಸಲಿ. ಮೊನೆಗಳು ಒಂದನ್ನೊಂದು ದಾಟಿಹೋಗುವುದನ್ನು ಕಂಡು ಅವರೇ ನಗುವರು. ಪಟೌಡಿಯವರಿಗೆ ಅದು ನಗೆಯ ವಿಷಯವಾಗಿರಲಿಲ್ಲ. ಹೂಜಿಯಿಂದ ಲೋಟಕ್ಕೆ ಸುರಿದ ನೀರು ಮೇಜಿನ ಮೇಲೆ ಚೆಲ್ಲಿಹೋಗುತ್ತಿತ್ತೆಂದು ಅವರು ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. ಲೋಟವು ನಿಂತಲ್ಲೇ ನಿಂತಿರುವ ವಸ್ತು. ಚೆಂಡಾದರೋ ಗಂಟೆಗೆ 130 ಕಿಲೋಮೀಟರ್ ವೇಗದಲ್ಲಿ ಬಂದರೆ ಬೌಲರನ ಕೈಯಿಂದ ದಾಂಡಿಗನನ್ನು ಮುಟ್ಟಲು ಅರ್ಧ ಸೆಕೆಂಡು ಸಾಕು.

ವೈದ್ಯರು ಕೊಟ್ಟ ಕೃತಕ ಮಸೂರವನ್ನು ಕಣ್ಣಿನ ಮೇಲೆ ಧರಿಸಿದರೆ ಬಲಗಣ್ಣಿಗೆ ಬಹುಮಟ್ಟಿಗೆ ದೃಷ್ಟಿ ಬರುತ್ತಿತ್ತು. ಆದರೆ ಹಾಗೆ ಬಂದ ದೃಷ್ಟಿಯೇ ಒಂದು ತೊಡಕಾಯಿತು. ಸಹಜ ಮಸೂರವಿಲ್ಲದ ಕಣ್ಣಿಗೆ ಹೊರಗಿನ ಮಸೂರವನ್ನು ತೊಡಿಸಿದಾಗ ಬಿಂಬವು ಇನ್ನೊಂದು ಕಣ್ಣಿನ ಬಿಂಬಕ್ಕಿಂತ ದೊಡ್ಡದಾಗಿ ಮೂಡುತ್ತದೆ. ಅಳತೆ ಹೊಂದದ ಎರಡು ಬಿಂಬಗಳನ್ನು ಮಿದುಳು ಬೆಸೆಯಲಾರದು. ಆಗ ಒಂದು ವಸ್ತು ಎರಡಾಗಿ ತೋರುತ್ತದೆ.

ಇನ್ನು ಫತೇ ಮೈದಾನದ ಆ ಚಹದ ವಿರಾಮಕ್ಕೆ ಬರೋಣ. ಪಟೌಡಿಯವರು ಒಳಗೆ ಹೋಗಿ ಬಲಗಣ್ಣಿನ ಮಸೂರವನ್ನು ತೆಗೆದಿಟ್ಟರು. ಆ ಕಣ್ಣನ್ನು ಮುಚ್ಚಿಕೊಂಡೇ ಹೊರಬಂದು, ಎಡಗಣ್ಣೊಂದರಿಂದಲೇ ಆಡಿ, ತಮ್ಮ ಮೊತ್ತವನ್ನು 70ಕ್ಕೆ ಒಯ್ದರು.

ಈ ಸಣ್ಣ ಕ್ರಿಯೆಯ ಮೇಲೆ ವಿದ್ಯಾರ್ಥಿಗಳು ಸ್ವಲ್ಪ ಹೊತ್ತು ಮನಸ್ಸನ್ನು ನಿಲ್ಲಿಸಬೇಕು. ಅಷ್ಟರವರೆಗೆ ಅವರು ಮಾಡುತ್ತಿದ್ದುದು ಕಳೆದುಹೋದ ಕಣ್ಣನ್ನು ಮರಳಿ ಪಡೆಯುವ ಯತ್ನ. ಆ ಯತ್ನದಲ್ಲಿ ತಪ್ಪೇನೂ ಇಲ್ಲ. ಗಾಯಗೊಂಡ ಯಾರೂ ಮೊದಲು ಮಾಡುವುದು ಅದನ್ನೇ. ಆದರೆ ಅರ್ಧ ಮರಳಿದ ಕಣ್ಣು ನಿಜದ ಪಕ್ಕದಲ್ಲಿ ಒಂದು ಸುಳ್ಳು ಚೆಂಡನ್ನು ತಂದು ನಿಲ್ಲಿಸುತ್ತಿತ್ತು. ‘ಮೊದಲಿನಂತೆಯೇ ಆಗುತ್ತೀ’ ಎಂಬ ಸಾಂತ್ವನದ ಮಾತೂ ಅಂತಹ ಮಸೂರವೇ ಎಂದು ನಮಗೆ ಅನ್ನಿಸುತ್ತದೆ. ಅದನ್ನು ಧರಿಸಿಕೊಂಡಿರುವವರೆಗೆ ಮನುಷ್ಯನಿಗೆ ಎರಡು ಬಾಳುಗಳು ಕಾಣುತ್ತಿರುತ್ತವೆ. ಇರುವ ಬಾಳಿನ ಬದಿಯಲ್ಲೇ ಇರಬೇಕಾಗಿದ್ದ ಬಾಳು. ಯಾವುದಕ್ಕೆ ಕೈಚಾಚಬೇಕೆಂದು ತಿಳಿಯದು. ಪಟೌಡಿಯವರು ಮಸೂರವನ್ನು ತೆಗೆದಾಗ ಒಂದು ಕಣ್ಣಿನ ಆಸೆಯನ್ನು ಬಿಟ್ಟರು, ಇನ್ನೊಂದು ಕಣ್ಣಿಗೆ ಆಟವನ್ನೆಲ್ಲ ಒಪ್ಪಿಸಿದರು. ಇಲ್ಲಿ ನಂಬಿಕೆ ಮತ್ತು ಗಮನಗಳನ್ನು ಬೇರೆಬೇರೆ ಮಾಡಿ ತೋರಿಸಲು ಬರುವುದಿಲ್ಲ. ಎಡಗಣ್ಣನ್ನು ನಂಬದೆ ಅದರಿಂದ ಅಷ್ಟು ಎಚ್ಚರದಿಂದ ನೋಡುವುದು ಸಾಧ್ಯವಿರಲಿಲ್ಲ; ಅಷ್ಟು ಎಚ್ಚರದಿಂದ ನೋಡದಿದ್ದರೆ ಆ ನಂಬಿಕೆಗೆ ಆಧಾರವೂ ಇರುತ್ತಿರಲಿಲ್ಲ.

ಮುಂದಿನ ಕಥೆ ಎಲ್ಲರಿಗೂ ಗೊತ್ತಿರುವಂಥದು, ಬೇಗ ಹೇಳಿಬಿಡುತ್ತೇವೆ. ಅಪಘಾತವಾಗಿ ಆರು ತಿಂಗಳು ತುಂಬುವ ಮೊದಲೇ, 1961ರ ಡಿಸೆಂಬರಿನಲ್ಲಿ, ದೆಹಲಿಯಲ್ಲಿ ಅವರು ಮೊದಲ ಟೆಸ್ಟನ್ನು ಆಡಿದರು. 1962ರ ಜನವರಿಯಲ್ಲಿ ಮದರಾಸಿನಲ್ಲಿ 103 ರನ್ನು ಹೊಡೆದರು. ಇಂಗ್ಲೆಂಡಿನ ಮೇಲೆ ಭಾರತವು ಮೊದಲ ಬಾರಿಗೆ ಟೆಸ್ಟ್ ಸರಣಿಯನ್ನು ಗೆದ್ದುದು ಆಗಲೇ. ಒಟ್ಟು 46 ಟೆಸ್ಟುಗಳಲ್ಲಿ 2793 ರನ್ನು, ಆರು ಶತಕಗಳು. 1964ರಲ್ಲಿ ದೆಹಲಿಯಲ್ಲಿ ಔಟಾಗದೆ 203. ನಾಲ್ವತ್ತು ಟೆಸ್ಟುಗಳಿಗೆ ನಾಯಕತ್ವ. 1968ರಲ್ಲಿ ನ್ಯೂಜಿಲೆಂಡಿನಲ್ಲಿ ಭಾರತವು ಹೊರನಾಡಿನಲ್ಲಿ ಮೊದಲ ಸಲ ಸರಣಿಯನ್ನು ಗೆದ್ದುದು ಅವರ ಕೈಕೆಳಗೆ. ಟೋಪಿಯ ಅಂಚನ್ನು ಬಲಗಣ್ಣಿನ ಮೇಲೆ ಎಳೆದುಕೊಂಡು ಆಡುವುದನ್ನು ಅವರು ರೂಢಿಸಿಕೊಂಡಿದ್ದರು.

ಈ ಅಂಕಿಗಳಿಗಿಂತ ಅವರು ತಮ್ಮ ಬಗೆಗೆ ತಾವೇ ಬರೆದುಕೊಂಡುದು ನಮಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ. ತಾವು ಒಮ್ಮೆ ಅರಸುತ್ತಿದ್ದ ಪರಿಪೂರ್ಣತೆಯನ್ನು ಕೈಬಿಟ್ಟು, ತಂಡಕ್ಕೆ ಉಪಯುಕ್ತನಾದ ಒಬ್ಬ ದಾಂಡಿಗನಾಗಬೇಕು, ಕ್ಷೇತ್ರರಕ್ಷಣೆಯಲ್ಲಿ ತಂದೆಗಿಂತ ಮೇಲಾಗಬೇಕು ಎಂದಷ್ಟೇ ಸಂಕಲ್ಪಿಸಿದುದಾಗಿ ಅವರು ಹೇಳುತ್ತಾರೆ. ಶಾಲೆಯ ದಿನಗಳಲ್ಲಿ ಜಗತ್ತಿನ ಶ್ರೇಷ್ಠರ ಸಾಲಿಗೆ ಸೇರುವನೆಂದು ಎಲ್ಲರೂ ಭಾವಿಸಿದ್ದ ತರುಣನು ಹೀಗೆ ತನ್ನ ಅಳತೆಯನ್ನು ತಾನೇ ತಿದ್ದಿಕೊಂಡನು. ಇದನ್ನು ಸೋಲೆಂದು ಕರೆಯಲು ನಮ್ಮ ಮನಸ್ಸು ಒಪ್ಪದು.

ಇಲ್ಲಿ ‘ಛಲ’ವೆಂಬ ಮಾತು ಅಡ್ಡಬರುತ್ತದೆ. ಇಂತಹ ಜನರ ವಿಷಯದಲ್ಲಿ ‘ಛಲದಿಂದ ಗೆದ್ದರು’ ಎಂದು ಬರೆಯುವುದು ನಮ್ಮ ಪತ್ರಿಕೆಗಳ ರೂಢಿ. ಕನ್ನಡ ಕಾವ್ಯದಲ್ಲಿ ಛಲಕ್ಕೆ ಹೆಸರಾದವನು ದುರ್ಯೋಧನ. ರನ್ನನ ಸಾಹಸಭೀಮವಿಜಯವನ್ನು ಓದಿದವರಿಗೆ ಆ ಛಲದ ಸೊಬಗೂ ಗೊತ್ತು, ಅದರ ಕೊನೆಯೂ ಗೊತ್ತು. ಎಲ್ಲವನ್ನೂ ಕಳೆದುಕೊಂಡ ಬಳಿಕವೂ ಏನನ್ನೂ ಬಿಡಲೊಲ್ಲದ ಗುಣವದು. ತೊಡೆ ಮುರಿದು ಬೀಳುವವರೆಗೂ ಅದು ಬಾಗದು. ಕಾವ್ಯದಲ್ಲಿ ಅದನ್ನು ಮೆಚ್ಚೋಣ. ಆದರೆ ತೊಡೆ ಮುರಿದ ಮರುದಿನ ಬದುಕಬೇಕಾದವನಿಗೆ ಛಲವೊಂದೇ ಸಾಲದು. ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕೆಂಬ ವಿವೇಕವನ್ನು ಶ್ರದ್ಧೆಯು ಕೊಡುತ್ತದೆ, ಛಲವು ಕೊಡುವುದಿಲ್ಲ.

ಪಟೌಡಿಯವರು ಇಪ್ಪತ್ತೊಂದನೆಯ ವಯಸ್ಸಿಗೆ ಭಾರತದ ನಾಯಕರಾದುದಕ್ಕೂ ಇನ್ನೊಂದು ಅಪಘಾತವೇ ಕಾರಣ. 1962ರ ಮಾರ್ಚ್ 17ರಂದು ಬಾರ್ಬಡೋಸಿನಲ್ಲಿ ನಾಯಕ ನರಿ ಕಂಟ್ರಾಕ್ಟರರ ತಲೆಗೆ ಚಾರ್ಲಿ ಗ್ರಿಫಿತನ ಚೆಂಡು ಬಡಿದು ಬುರುಡೆ ಬಿರಿಯಿತು. ಶಿರಸ್ತ್ರಾಣಗಳಿಲ್ಲದ ಕಾಲ. ಜೀವ ಉಳಿಯುವುದೇ ಸಂದೇಹವಾಗಿದ್ದ ಆ ಹೊತ್ತಿನಲ್ಲಿ ರಕ್ತ ಕೊಡಲು ಮುಂದೆ ಬಂದವರಲ್ಲಿ ಎದುರು ತಂಡದ ನಾಯಕ ಫ್ರಾಂಕ್ ವೊರೆಲನೂ ಒಬ್ಬನು. ಉಮ್ರೀಗರ್, ಬೋರ್ಡೆ, ನಾಡಕರ್ಣಿಯವರೂ ಕೊಟ್ಟರು. ಬಂಗಾಳದ ಕ್ರಿಕೆಟ್ ಸಂಸ್ಥೆಯು ವೊರೆಲನ ಹೆಸರಿನಲ್ಲಿ ವರ್ಷಕ್ಕೊಂದು ದಿನ ರಕ್ತದಾನವನ್ನು ನಡೆಸಿಕೊಂಡು ಬಂದಿರುವುದು ಇದರ ನೆನಪಿಗಾಗಿ. ಕನ್ನಡದಲ್ಲಿ ‘ವಿಶ್ವಾಸ’ವೆಂದರೆ ನಂಬಿಕೆಯೂ ಹೌದು, ಪ್ರೀತಿಯೂ ಹೌದು, ‘ಅವರಿಗೆ ನಮ್ಮ ಮೇಲೆ ಬಹಳ ವಿಶ್ವಾಸ’ ಎನ್ನುತ್ತೇವಲ್ಲವೆ? ಪ್ರಜ್ಞೆಯಿಲ್ಲದೆ ಮಲಗಿದ್ದವನಿಗೆ ತನ್ನ ಶ್ರದ್ಧೆಯಾಗಲಿ ಛಲವಾಗಲಿ ನೆರವಿಗೆ ಬರುವಂತಿರಲಿಲ್ಲ. ಅವರನ್ನು ಬದುಕಿಸಿದುದು ಇತರರ ವಿಶ್ವಾಸ. ಒಂದು ವರ್ಷ ಕಳೆಯುವುದರೊಳಗೆ ಕಂಟ್ರಾಕ್ಟರರು ತಲೆಯಲ್ಲಿ ಲೋಹದ ತಗಡನ್ನು ಹೊತ್ತುಕೊಂಡೇ ಮತ್ತೆ ದಾಂಡು ಹಿಡಿದರು. ಹಲವು ವರ್ಷ ದೇಶೀಯ ಪಂದ್ಯಗಳನ್ನು ಆಡಿದರು. ಆದರೆ ಇನ್ನೊಂದು ಟೆಸ್ಟನ್ನು ಆಡುವ ಅವರ ಆಸೆ ಕೈಗೂಡಲೇ ಇಲ್ಲ. ಆ ತಗಡನ್ನು ಹೊರತೆಗೆದುದು ಅರುವತ್ತು ವರ್ಷಗಳ ಬಳಿಕ, 2022ರಲ್ಲಿ.

ಹೈದರಾಬಾದು ಪಟೌಡಿಯವರಿಗೆ ಕೊಟ್ಟ ವಿಶ್ವಾಸದ ಮಾತನ್ನೂ ಇಲ್ಲಿ ಸೇರಿಸಬೇಕು. 1960ರ ದಶಕದ ನಡುವಿನಿಂದ ಅವರು ರಣಜಿ ಪಂದ್ಯಗಳಲ್ಲಿ ಹೈದರಾಬಾದಿಗಾಗಿ ಆಡತೊಡಗಿದರು. ಇಲ್ಲಿಯ ನಾಯಕರು ಎಂ. ಎಲ್. ಜಯಸಿಂಹ. ದೇಶಕ್ಕೆ ನಾಯಕರಾಗಿದ್ದವರು ನಮ್ಮ ನಗರದ ತಂಡದಲ್ಲಿ ಸಾಮಾನ್ಯ ಆಟಗಾರರಾಗಿ ಜಯಸಿಂಹರ ಮಾತಿನಂತೆ ನಡೆದರು. ಜಯಸಿಂಹರು ಟೆಸ್ಟುಗಳಲ್ಲಿ ಪಟೌಡಿಯವರ ಮಾತಿನಂತೆ ನಡೆದರು. ಅಬ್ಬಾಸ್ ಅಲಿ ಬೇಗ್, ಅಬಿದ್ ಅಲಿ ಮೊದಲಾದವರಿದ್ದ ಆ ತಂಡವು ಆ ವರ್ಷಗಳಲ್ಲಿ ಒಮ್ಮೆಯೂ ರಣಜಿ ಪ್ರಶಸ್ತಿಯನ್ನು ಗೆಲ್ಲಲಿಲ್ಲವೆಂಬುದನ್ನು ಹೈದರಾಬಾದಿನ ಹಿರಿಯರು ಇಂದಿಗೂ ನಗುನಗುತ್ತಲೇ ಹೇಳುತ್ತಾರೆ.

ಇಷ್ಟನ್ನು ಓದಿದ ಮೇಲೆ ಚುರುಕಾದ ವಿದ್ಯಾರ್ಥಿಯೊಬ್ಬನು ಆಕ್ಷೇಪವನ್ನು ಎತ್ತದಿರಲಾರನು: “ಅವರು ನವಾಬರು. ಅವರಿಗೆ ಇಂಗ್ಲೆಂಡಿನ ವೈದ್ಯರು ಸಿಕ್ಕಿದರು. ಸಾರವೆಯಿಂದ ಬಿದ್ದವನಿಗೆ ಯಾರಿದ್ದಾರೆ?” ಈ ಆಕ್ಷೇಪ ನ್ಯಾಯವಾದುದು. ಉಳಿದ ಒಂದು ಕಣ್ಣಿನಿಂದ ಕ್ರಿಕೆಟ್ ಆಡುವ ಬಿಡುವು ಇರುವುದಕ್ಕೂ ಉಳಿದ ಒಂದು ಕೈಯಿಂದ ಐದು ಹೊಟ್ಟೆ ಹೊರೆಯುವುದಕ್ಕೂ ವ್ಯತ್ಯಾಸವಿದೆ. ಶ್ರದ್ಧೆಯಿದ್ದರೆ ಸಾಕೆಂದು ಉಳ್ಳವರು ಇಲ್ಲದವರಿಗೆ ಉಪದೇಶಿಸುವುದು ಸಲ್ಲದು. ಆದುದರಿಂದಲೇ ಶಾಸನಗಳು ಬಂದಿವೆ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಆದ ಕಾನೂನಿನಂತೆ ರಾಜ್ಯಗಳಲ್ಲಿ ಕಲ್ಯಾಣ ಮಂಡಲಿಗಳು ಸ್ಥಾಪಿತವಾದವು. ಅಲ್ಲಿ ಹೆಸರು ನೋಂದಾಯಿಸಿಕೊಂಡವರಿಗೆ ಅಪಘಾತದಲ್ಲಿ ನೆರವು ದೊರೆಯುತ್ತದೆ. ನಿಮ್ಮ ತಂದೆತಾಯಿಗಳು ಆ ಕೆಲಸದವರಾಗಿದ್ದರೆ ನೋಂದಣಿಯಾಗಿದೆಯೇ ಎಂದು ಇಂದು ಸಂಜೆಯೇ ಕೇಳಿರಿ; ಕಾಗದ ತುಂಬಲು ಬಾರದಿದ್ದರೆ ನಮ್ಮ ಬಳಿಗೆ ತನ್ನಿರಿ. ಅಂಗವಿಕಲರ ಹಕ್ಕುಗಳಿಗಾಗಿ 1995ರಲ್ಲಿ ಒಂದು ಕಾನೂನಾಗಿತ್ತು. ಅದರ ಸ್ಥಾನದಲ್ಲಿ 2016ರ ಕಾನೂನು ಬಂದು ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಗುರುತಿಸಿ, ಸರಕಾರಿ ಕೆಲಸಗಳಲ್ಲಿ ನೂರಕ್ಕೆ ನಾಲ್ಕು ಸ್ಥಾನಗಳನ್ನು ಕಾದಿರಿಸಿತು. ಸರಕಾರದ ಹಣ ಅಥವಾ ಮಾನ್ಯತೆ ಪಡೆದ ಶಾಲೆಗಳ ಕಟ್ಟಡಗಳು ಅಂತಹ ಮಕ್ಕಳಿಗೆ ಸುಗಮವಾಗಿರಬೇಕೆಂದೂ ಅದು ವಿಧಿಸುತ್ತದೆ. ಕುಂಟನು ಬೆಟ್ಟವನ್ನು ದಾಟುವ ಮಾತು ನಮ್ಮ ಪ್ರಾರ್ಥನಾಶ್ಲೋಕಗಳಲ್ಲಿ ಬರುತ್ತದೆ. ಬೆಟ್ಟದ ಮಾತು ಹಾಗಿರಲಿ. ಶಾಲೆಯ ಮೆಟ್ಟಿಲುಗಳ ಪಕ್ಕದಲ್ಲೊಂದು ಇಳಿಜಾರು ದಾರಿಯನ್ನು ಮಾಡಿಕೊಡುವುದು ದೇವರ ಕೆಲಸವಲ್ಲ, ಗಾರೆಯವನ ಕೆಲಸ.

ನವಾಬನಲ್ಲದವನ ದೃಷ್ಟಾಂತವನ್ನೂ ನೋಡೋಣ. ಅವರು ನಮ್ಮ ಕನ್ನಡ ನಾಡಿನವರೇ. ಭಾಗವತ ಸುಬ್ರಹ್ಮಣ್ಯ ಚಂದ್ರಶೇಖರರು 1945ರ ಮೇ 17ರಂದು ಮೈಸೂರಿನಲ್ಲಿ ಜನಿಸಿದರು. ಚಿಕ್ಕಂದಿನಲ್ಲಿಯೇ ಪೋಲಿಯೋ ತಗುಲಿ ಬಲಗೈ ಬಡಕಲಾಯಿತು. ಪೋಲಿಯೋ ವಿಷಾಣುವು ಬೆನ್ನುಹುರಿಯಲ್ಲಿ ಸ್ನಾಯುಗಳಿಗೆ ಅಪ್ಪಣೆ ಕೊಡುವ ನರಕೋಶಗಳನ್ನು ಕೊಲ್ಲುತ್ತದೆ. ಅಪ್ಪಣೆಯಿಲ್ಲದ ಸ್ನಾಯು ಸೊರಗಿಹೋಗುತ್ತದೆ. ಆ ಕಾಲದಲ್ಲಿ ನಮ್ಮ ದೇಶದಲ್ಲಿ ಲಸಿಕೆಯಿರಲಿಲ್ಲ. 2011ರ ಜನವರಿಯ ನಂತರ ಭಾರತದಲ್ಲಿ ಆ ವಿಷಾಣುವಿನ ಹೊಸ ಪ್ರಕರಣ ಕಾಣಲಿಲ್ಲವಾಗಿ, 2014ರ ಮಾರ್ಚಿನಲ್ಲಿ ದೇಶವು ಪೋಲಿಯೋಮುಕ್ತವೆಂದು ಘೋಷಿತವಾಯಿತು.

ಬಲಗೈಯಿಂದ ದೂರದಿಂದ ಚೆಂಡನ್ನು ಎಸೆಯಲು ಚಂದ್ರಶೇಖರರಿಗೆ ಆಗುತ್ತಿರಲಿಲ್ಲ. ಅದಕ್ಕೆ ಎಡಗೈಯನ್ನು ಬಳಸುತ್ತಿದ್ದರು. ಆದರೆ ಬೌಲ್ ಮಾಡಲು ಆ ಬಡಕಲು ಬಲಗೈಯನ್ನೇ ಆರಿಸಿಕೊಂಡರು. ತೆಳುವಾದ ಆ ತೋಳು ಚಾಟಿಯಂತೆ ಬೀಸುತ್ತಿತ್ತು, ಮಣಿಕಟ್ಟು ಮಿಕ್ಕವರಿಗೆ ಬಾಗದಷ್ಟು ಬಾಗುತ್ತಿತ್ತು. ಸ್ಪಿನ್ ಬೌಲರನಿಂದ ನಿರೀಕ್ಷಿಸದಷ್ಟು ವೇಗದಲ್ಲಿ ಚೆಂಡು ಬಂದು, ಯಾವ ಕಡೆಗೆ ತಿರುಗುವುದೆಂದು ತಿಳಿಯುವ ಮೊದಲೇ ವಿಕೆಟ್ಟನ್ನು ಕೆಡವುತ್ತಿತ್ತು. 1964ರ ಜನವರಿಯಲ್ಲಿ ಮುಂಬಯಿಯಲ್ಲಿ ಅವರು ಮೊದಲ ಟೆಸ್ಟನ್ನು ಆಡಿದಾಗ ನಾಯಕರಾಗಿದ್ದವರು ಪಟೌಡಿ. ಒಂದು ಕಣ್ಣಿನ ನಾಯಕನು ಒಂದು ಕೈ ಸೊರಗಿದ ಹದಿನೆಂಟರ ಹುಡುಗನ ಕೈಗೆ ಚೆಂಡನ್ನಿತ್ತನು. ಆ ಕ್ಷಣದಲ್ಲಿ ಇಬ್ಬರೂ ಏನನ್ನಾದರೂ ಯೋಚಿಸಿದರೋ ಇಲ್ಲವೋ. ಆಟದ ನಡುವೆ ಅಷ್ಟು ಬಿಡುವೆಲ್ಲಿ?

ಮುಂದೆ ಮೂರೂವರೆ ವರ್ಷಗಳಷ್ಟು ಕಾಲ ಟೆಸ್ಟ್ ತಂಡದಿಂದ ದೂರವಿದ್ದು, 1971ರಲ್ಲಿ ಇಂಗ್ಲೆಂಡಿಗೆ ಹೋದ ಚಂದ್ರಶೇಖರರು ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಪಡೆದರು. ಇಂಗ್ಲೆಂಡು 101ಕ್ಕೆ ಕುಸಿಯಿತು. ಆಗಸ್ಟ್ 24ರಂದು ಭಾರತವು ಆ ನಾಡಿನಲ್ಲಿ ಮೊದಲ ಟೆಸ್ಟನ್ನು ಗೆದ್ದಿತು. 58 ಟೆಸ್ಟುಗಳಲ್ಲಿ ಅವರು ಪಡೆದ ವಿಕೆಟ್ಟುಗಳು 242. ಹೊಡೆದ ರನ್ನುಗಳು 167 ಮಾತ್ರ! ವಿಕೆಟ್ಟುಗಳಿಗಿಂತ ರನ್ನುಗಳು ಕಡಿಮೆಯೆಂಬುದನ್ನು ಮೈಸೂರಿನವರು ಅಕ್ಕರೆಯಿಂದಲೇ ಹೇಳಿಕೊಳ್ಳುತ್ತಾರೆ.

ನಾವು ಚಂದ್ರಶೇಖರರನ್ನು ಇಲ್ಲಿಗೆ ಕರೆತಂದುದು ಮುಖ್ಯವಾಗಿ ಆ ಗೆಲುವುಗಳಿಗಾಗಿ ಅಲ್ಲ. ಆಟದಿಂದ ನಿವೃತ್ತರಾಗಿ ಬಹಳ ವರ್ಷಗಳಾದ ಮೇಲೆ, 1991ರಲ್ಲಿ, ಬೆಂಗಳೂರಿನ ರಸ್ತೆಯಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದ ಅವರಿಗೆ ಲಾರಿಯೊಂದು ಡಿಕ್ಕಿ ಹೊಡೆಯಿತು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಆಮೇಲೆ ಊರುಗೋಲಿನ ಆಸರೆ ಬೇಕಾಯಿತು. ಈ ಸಲ ಗೆಲ್ಲಲು ಓವಲ್ ಮೈದಾನವಿರಲಿಲ್ಲ, ಎಣಿಸಲು ವಿಕೆಟ್ಟುಗಳಿರಲಿಲ್ಲ. ಪೋಲಿಯೋ ಕೊಟ್ಟ ಕೊರತೆಯೊಂದು ಅವರ ಕೈಯಲ್ಲಿ ಅಸ್ತ್ರವಾಗಿ ಮಾರ್ಪಟ್ಟಿತ್ತು; ಲಾರಿ ಕೊಟ್ಟ ಕೊರತೆ ಯಾವ ಅಸ್ತ್ರವೂ ಆಗಲಿಲ್ಲ, ಕೊರತೆಯಾಗಿಯೇ ಉಳಿಯಿತು. ಹೆಚ್ಚಿನ ಜನರ ಬಾಳಿನಲ್ಲಿ ಆಗುವುದು ಹೀಗೆಯೇ. ಆದಕಾರಣ ನಮ್ಮ ಹಿಂದಿನ ಸಾಲಿನ ಮಗುವಿಗೆ ಹೇಳಲು ಇದೇ ಹೆಚ್ಚು ಹತ್ತಿರದ ಕಥೆಯೆಂದು ನಮಗೆ ತೋರುತ್ತದೆ. ಆ ಬಳಿಕವೂ ಚಂದ್ರಶೇಖರರು ಬದುಕಿದರು. ಹಳೆಯ ಗೆಳೆಯರೊಡನೆ ಕ್ರಿಕೆಟ್ಟಿನ ಸಭೆಗಳಿಗೆ ಬಂದರು. ಆಟದ ದಿನಗಳಿಂದಲೂ ಪ್ರಿಯವಾಗಿದ್ದ ಮುಕೇಶರ ಹಾಡುಗಳು ಅವರ ಜೊತೆಯಲ್ಲಿದ್ದವು.

ಪಟೌಡಿಯವರು 2011ರ ಸೆಪ್ಟೆಂಬರ್ 22ರಂದು ದೆಹಲಿಯಲ್ಲಿ ಶ್ವಾಸಕೋಶದ ಬೇನೆಯಿಂದ ತೀರಿಕೊಂಡರು. ಅವರ ಇಚ್ಛೆಯಂತೆ ನೇತ್ರದಾನ ನಡೆಯಿತು.